ನಡುವಿನಿಂದ ಐದು ಸೆಂಟಿಮೀಟರ್

ತಾರಾಲಯದ ಹೊಸ ನೆಲದ ಮೇಲೆ ಮಂಡಿಯೂರಿ, ಆಕೆ ದಾರದ ಒಂದು ತುದಿಯನ್ನು ಸೂರ್ಯನ ದೀಪಕ್ಕೆಂದು ಕೊರೆದ ತೂತಿನ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು, ಭೂಮಿಯ ಕಕ್ಷೆಯೆಂದು ನೆಲದಲ್ಲಿ ಕೂರಿಸಿದ ಹಿತ್ತಾಳೆ ಪಟ್ಟಿಯ ಮೇಲಿನ ಜನವರಿಯ ಗುರುತಿನವರೆಗೆ ಎಳೆದು ಗಂಟು ಹಾಕಿದಳು. ಅದೇ ದಾರವನ್ನು ಎದುರಿನ ಜುಲೈಗೆ ತಿರುಗಿಸಿದಾಗ ಗಂಟು ಪಟ್ಟಿಯ ಮೇಲೆಯೇ ಬಂದು ಕೂತಿತು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಆದರೆ ಜುಲೈಯಲ್ಲಿ ಭೂಮಿ ಸೂರ್ಯನಿಂದ ಹೆಚ್ಚು ದೂರ ಇರುತ್ತದೆ. ಗಂಟು ಪಟ್ಟಿಗಿಂತ ಅರ್ಧ ಗೇಣು ಹಿಂದೆಯೇ ನಿಲ್ಲಬೇಕಿತ್ತು.

ಆಕೆ ಇಲ್ಲಿಗೆ ಬಂದದ್ದು ಟಿಕೆಟ್ ಹರಿಯುವ ಕೆಲಸಕ್ಕೆ. ಖಾಲಿ ಸೀಟು ಸಿಕ್ಕಾಗಲೆಲ್ಲ ಒಳಗೆ ಕೂತು ಆಕಾಶ ಕಲಿತಳು, ಪರೀಕ್ಷೆ ಕಟ್ಟಿದಳು, ಕೊನೆಗೆ ವಿವರಣೆಗಾರ್ತಿಯಾದಳು. ಅಂದಿನಿಂದ ಆಕೆಯ ಕಣ್ಣಿಗೆ ಚುಚ್ಚುತ್ತಿದ್ದದ್ದು ಗೋಡೆಯ ದೊಡ್ಡ ಚಿತ್ರ. ಅದರಲ್ಲಿ ಭೂಮಿಯ ಕಕ್ಷೆ ಕೋಳಿಮೊಟ್ಟೆಯಂತೆ ಉದ್ದುದ್ದ. ಅದನ್ನು ನೋಡಿದವರೆಲ್ಲ, "ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿ" ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಭೂಮಿಯ ಒಂದರ್ಧಕ್ಕೆ ಬೇಸಿಗೆಯಾದಾಗ ಇನ್ನೊಂದರ್ಧಕ್ಕೆ ಚಳಿಗಾಲವಲ್ಲವೇ ಎಂದು ಕೇಳಿ ಕೇಳಿ ಆಕೆಯ ಗಂಟಲು ಒಣಗಿತ್ತು.

ಹಾಗಾಗಿ ಹೊಸ ನೆಲ ಹಾಕುವಾಗ ಹಟ ಹಿಡಿದು ನಿಜವಾದ ಕಕ್ಷೆಯನ್ನೇ ಬರೆಸಿದಳು. ನಿರ್ದೇಶಕರು ಒಪ್ಪಿದ್ದರು, ಆದರೆ ಒಂದು ಮಾತಿನ ಮೇಲೆ: ನೋಡಿದವರಿಗೆ ಜನವರಿ-ಜುಲೈಗಳ ದೂರದ ವ್ಯತ್ಯಾಸ ಕಾಣದಿದ್ದರೆ ಮೊಟ್ಟೆಯ ಚಿತ್ರವನ್ನೇ ನೆಲದ ಮೇಲೂ ಅಂಟಿಸಲಾಗುವುದು. ಅವರು ನೋಡಲು ಬರುವುದು ಇವತ್ತು ಮಧ್ಯಾಹ್ನ.

ನೆಲದ ಮೇಸ್ತ್ರಿ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ.

"ಮೇಸ್ತ್ರಿ, ಈ ತೂತು ಯಾರು ಕೊರೆದಿದ್ದು?"

"ನಾನೇ ಅಮ್ಮ. ಯಾಕೆ, ಅಂದವಾಗಿಲ್ವಾ?"

"ನಾನು ಗುರುತು ಮಾಡಿದ್ದು ಇಲ್ಲಲ್ವಲ್ಲ."

"ಅದು ಓರೆಯಾಗಿತ್ತಮ್ಮ. ನಡುವಿನಿಂದ ಐದು ಸೆಂಟಿಮೀಟರ್ ಆಚೆ! ಪಟ್ಟಿಗೆ ಗೆರೆ ಎಳೆಯುವಾಗ ದಾರ ಸುತ್ತೋಕೆ ಎರಡು ಮೊಳೆ ಹೊಡೆಸಿದ್ರಿ, ನಾನು ಸರಿಯಾಗಿ ಅವೆರಡರ ಮಧ್ಯ ಕೊರೆದೆ. ದೀಪ ಒಂದು ಕಡೆ ಕೂತ್ರೆ ನೋಡಿದವರು ನನಗೇ ಉಗೀತಾರೆ. ನಲವತ್ತು ವರ್ಷದ ಕೈ ಇದು."

ಆಕೆಗೆ ಸಿಟ್ಟೂ ಬಂತು, ನಗುವೂ ಬಂತು. ಮೇಸ್ತ್ರಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಈ ಪಟ್ಟಿ ದುಂಡಗಿದೆಯಾ, ಚಪ್ಪಟೆಯಾ?"

"ದುಂಡಗೆ."

"ಚಪ್ಪಟೆನೇ. ಆದ್ರೆ ಚಪ್ಪಟೆಯಾಗಿರೋದು ಪಟ್ಟಿಯ ದಪ್ಪಕ್ಕಿಂತ ಕಮ್ಮಿ, ಕಣ್ಣಿಗೆ ಸಿಗಲ್ಲ. ಕಣ್ಣಿಗೆ ಸಿಗೋದು ಒಂದೇ, ಸೂರ್ಯ ನಡುವಲ್ಲಿಲ್ಲ ಅನ್ನೋದು. ನಡುವಿನಿಂದ ಪಟ್ಟಿಗೆ ಮೂರು ಮೀಟರ್, ಸೂರ್ಯ ಸರಿದಿರೋದು ಐದು ಸೆಂಟಿಮೀಟರ್. ಆ ಮೂರು ಮೀಟರಲ್ಲಿ ಈ ಐದು ಸೆಂಟಿಮೀಟರ್ ಎಷ್ಟನೇ ಪಾಲು ಅನ್ನೋದನ್ನೇ ಉತ್ಕೇಂದ್ರತೆ ಅಂತಾರೆ. ಪೂರ್ತಿ ದುಂಡಗಿದ್ರೆ ಸೊನ್ನೆ. ಧೂಮಕೇತುವಿನ ಕಕ್ಷೆಗೆ ಹೆಚ್ಚುಕಮ್ಮಿ ಒಂದು. ನಮ್ಮ ಭೂಮಿಗೆ ಅರವತ್ತರಲ್ಲಿ ಒಂದು ಪಾಲು."

ಮೇಸ್ತ್ರಿ ಲೋಟ ಕೆಳಗಿಟ್ಟ. "ಅಂದ್ರೆ ನಾನು ಭೂಮೀನ ಸೊನ್ನೆ ಮಾಡ್ಬಿಟ್ಟೆ."

"ಹ್ಞೂ. ಜನವರಿಗೂ ಜುಲೈಗೂ ವ್ಯತ್ಯಾಸನೇ ಇಲ್ಲದ ಹಾಗೆ."

ಅಷ್ಟರಲ್ಲಿ ಆಕೆಯ ನಾದಿನಿಯ ಫೋನು. ಬಟ್ಟೆ ಹೊಲಿಯುವ ಅಂಗಡಿಯವಳು, ಮಾತು ಕತ್ತರಿಯಷ್ಟೇ ಚುರುಕು. ಆಕೆ ಆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅತ್ತಲಿಂದ ಉತ್ತರ ಬಂತು: "ಅತ್ತಿಗೆ, ಐದು ಸೆಂಟಿಮೀಟರ್ ತಪ್ಪಿದ್ರೆ ಕೈ ತೋಳಿನೊಳಗೇ ಹೋಗಲ್ಲ. ಬಿಚ್ಚಿ ಹೊಲಿ, ಅಳ್ತಾ ಕೂರಬೇಡ."

"ಯಾರೇ ಅಳ್ತಿರೋದು?" ಎಂದು ಆಕೆ ಫೋನಿಟ್ಟಳು.

ಮೇಸ್ತ್ರಿ ಆಗಲೇ ಕೊರೆಯುವ ಯಂತ್ರ ಎತ್ತಿಕೊಂಡಿದ್ದ. ಆಕೆಯ ಗುರುತಿನ ಮೇಲೆ ಹೊಸ ತೂತು ಬಿತ್ತು. "ಚಿಂತೆ ಬಿಡಿ ಅಮ್ಮ. ದೀಪದ ಕಂಬದ ಕೆಳಗಿನ ತಟ್ಟೆ ಅಗಲವಾಗಿದೆ, ಹಳೇ ತೂತು ಮುಚ್ಚಿಹೋಗತ್ತೆ. ನರಪಿಳ್ಳೆಗೂ ಗೊತ್ತಾಗಲ್ಲ."

ಆಕೆ ಬಗ್ಗಿ ಎರಡು ತೂತುಗಳ ನಡುವಿನ ಅಂತರದ ಮೇಲೆ ಬೆರಳು ಎಳೆದಳು. ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದದ್ದು ಈಗ ಕಾಲ ಬುಡದಲ್ಲೇ ಕಣ್ಣಿಗೆ ಕಾಣುತ್ತಿತ್ತು.

"ಮುಚ್ಚಬೇಡಿ. ತಟ್ಟೆ ಕತ್ತರಿಸಿ ಚಿಕ್ಕದು ಮಾಡಿ. ಹಳೇ ತೂತಿಗೆ ಅಂಗಿಗಿರೋ ಥರದ ಒಂದು ಹಿತ್ತಾಳೆ ಗುಂಡಿ ಕೂರಿಸಿ."

"ನನ್ನ ತಪ್ಪಿಗೆ ಹಿತ್ತಾಳೆ ಹೊದಿಸ್ತೀರಾ?"

"ನಿಮ್ಮ ತಪ್ಪೇ ನಡು. ಅದು ಕಾಣದೆ ಸೂರ್ಯ ಸರಿದಿದ್ದು ಹೇಗೆ ಗೊತ್ತಾಗಬೇಕು?"

ಮಧ್ಯಾಹ್ನ ನಿರ್ದೇಶಕರು ಬಂದರು. ಪಟ್ಟಿಯನ್ನು ಒಂದು ಸುತ್ತು ಸುತ್ತಿ, ಕಂಬದ ಪಕ್ಕ ಬಗ್ಗಿದರು. "ಇದೇನು ಈ ಗುಂಡಿ? ತಪ್ಪಾಗಿ ಕೊರೆದ ತೂತಲ್ಲ ತಾನೇ?"

"ತಪ್ಪಾಗಿಯೇ ಕೊರೆದಿದ್ದು ಸರ್. ಅದು ಕಕ್ಷೆಯ ನಡು. ದೀಪ ಸೂರ್ಯ. ಈ ದಾರ ತಗೊಳ್ಳಿ, ನೀವೇ ಅಳೆಯಿರಿ."

ಅವರು ಅಳೆದರು. ಜನವರಿಯಲ್ಲಿ ಹೊಸದಾಗಿ ಹಾಕಿದ ಗಂಟು ಪಟ್ಟಿಯ ಮೇಲೆ; ಜುಲೈಯಲ್ಲಿ ಅರ್ಧ ಗೇಣು ಹಿಂದೆ. ಗುಂಡಿಯನ್ನೂ ಕಂಬವನ್ನೂ ಮತ್ತೊಮ್ಮೆ ನೋಡಿ, ದಾರವನ್ನು ಆಕೆಯ ಕೈಗೆ ವಾಪಸು ಕೊಟ್ಟರು.

"ಗೋಡೆ ಮೇಲಿನ ಆ ಮೊಟ್ಟೆ ಇಳಿಸಿಬಿಡಿ," ಎಂದರು.

ಸಂಜೆಯೊಳಗೆ ಚಿತ್ರ ಸುರುಳಿಯಾಗಿ ಉಗ್ರಾಣ ಸೇರಿತು. ದಾರ ಕಂಬಕ್ಕೆ ಕಟ್ಟಿಯೇ ಇದೆ. ನಾಳೆ ಬೆಳಿಗ್ಗೆ ಮೊದಲ ಶಾಲೆಯ ಮಕ್ಕಳು ಬರುತ್ತಾರೆ.