ಎದುರು ಮನೆಯ ಬಟ್ಟಲು

ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೋ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಒಂದು ತಾಮ್ರದ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೇನೆ. ಎಷ್ಟು ತಿಕ್ಕಿದರೂ ಅದರ ಜೇನಿನ ವಾಸನೆ ಹೋಗದು ನೋಡಿ. ಹೋಗದಿರಲಿ ಎಂದೇ ನನ್ನಾಸೆ.

ಬಟ್ಟಲು ಎದುರು ಮನೆಯಲ್ಲಿದ್ದ ಪರ್ವಾನೆಯದು. ಮಗಳ ಓದಿಗೆಂದು ಇರಾನಿನಿಂದ ಬಂದವಳು. ಊರು ಖಾನ್ಸಾರ್, ಬೆಟ್ಟಗಳ ನಡುವಿನ ಪುಟ್ಟ ಪಟ್ಟಣ. ಬಂದ ವಾರವೇ ಊರಿನ ಜೇನು ತಂದಳು. "ಅಮ್ಮನ ಬಟ್ಟಲು, ಜಾಗ್ರತೆ ಲಾ!" ಇಲ್ಲಿನವರ ಮಾತಿನ ಕೊನೆಯ ಆ 'ಲಾ' ಆಗಲೇ ಅವಳ ನಾಲಿಗೆಗೆ ಹತ್ತಿತ್ತು. ಉಡುಪಿಯವಳಾದ ನಾನು ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಗೋಳಿಬಜೆ ತುಂಬಿಸಿ ಕೊಟ್ಟೆ. ಅವರಲ್ಲೂ ಅದೇ ಪದ್ಧತಿಯಂತೆ! ಮರುದಿನ ಅದರಲ್ಲೇ ಅಕ್ರೋಟು ಬಂತು. ನಾನು ಎಳ್ಳುಂಡೆ ಕಳಿಸಿದೆ. ಸೋಲಲು ಇಬ್ಬರೂ ತಯಾರಿಲ್ಲ.

"ಮಾರಾಯ್ತಿ, ಇದಕ್ಕೆ ಕೊನೆ ಉಂಟಾ? ನನ್ನ ಹೊಟ್ಟೆ ನೋಡು," ಎಂದರು ನಮ್ಮವರು.

ಬಟ್ಟಲಿನ ಜೊತೆ ಅವಳ ಊರೂ ಬರುತ್ತಿತ್ತು. ಹಿಮ ಕರಗಿದ ಮೇಲೆ ಬೆಟ್ಟದ ತುಂಬ ತಲೆ ತಗ್ಗಿಸಿ ಅರಳುವ ಕೆಂಪು ಹೂಗಳು, ಒರತೆ ನೀರು, ಅವಳಮ್ಮ ಈಗಲೂ ಇರುವ ಅಜ್ಜನ ಕಾಲದ ಮಣ್ಣಿನ ಮನೆ. ಆ ಮನೆಯ ಮರದ ಬಾಗಿಲಿಗೆ ತಟ್ಟಲು ಎರಡು ಕಬ್ಬಿಣದ ಕೊಂಡಿಗಳು: ಗಂಡಸರಿಗೆ ದಪ್ಪ ಸರಳು, ಹೆಂಗಸರಿಗೆ ತೆಳು ಬಳೆ. ಬಂದವರು ಯಾರೆಂದು ಸದ್ದಿನಲ್ಲೇ ಒಳಗಿನವರಿಗೆ ತಿಳಿಯುತ್ತದಂತೆ. "ನಮ್ಮಲ್ಲಿ ಬೆಲ್ ಆದರೆ ತಪಾವ್ ಪಾರ್ಸೆಲ್ ಊಟ ತಂದವನೇ," ಎಂದು ನಾನು ನಗುತ್ತಿದ್ದೆ.

ಆ ವರ್ಷ ನನ್ನಮ್ಮ ತೀರಿಕೊಂಡಳು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಳಿ ಬಂದ ಮೇಲೆ ಒಲೆ ಹಚ್ಚಲೂ ಮನಸ್ಸಾಗಲಿಲ್ಲ. ಬಟ್ಟಲು ಮಾತ್ರ ದಿನಾ ಬಂತು, ಬಿಸಿಬಿಸಿ ಸೂಪು ತುಂಬಿಕೊಂಡು. ನಾಚಿಕೆಯಿಂದ ಖಾಲಿಯೇ ಕೊಟ್ಟೆ.

"ತೊಳೆದು ಕೊಟ್ಟೆಯಲ್ಲ ಜಾನ್, ಅಷ್ಟು ಸಾಕು," ಎಂದಳು ಪರ್ವಾನೆ. ಅವರಲ್ಲಿ 'ಜಾನ್' ಅಂದರೆ ನನ್ನ ಜೀವ. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಊರಲ್ಲೂ ನಾನು ಹಾಗೆ ಅತ್ತಿರಲಿಲ್ಲ.

ತನ್ನ ಮಗಳ ಓದು ಮುಗಿದು ಊರಿಗೆ ಹೊರಟ ದಿನ ಅವಳು ಉಳಿದ ಜೇನನ್ನೆಲ್ಲ ಬಟ್ಟಲಿಗೆ ಸುರಿದು ನನ್ನ ಕೈಗಿತ್ತಳು.

"ಅಯ್ಯೋ, ಇದು ನಿನ್ನಮ್ಮನದು!"

"ಅದಕ್ಕೇ. ನೀನೇ ತಂದು ಅವಳ ಕೈಗೆ ಕೊಡು. ನಿನಗೂ ಒಬ್ಬಳು ಅಮ್ಮ ಅಲ್ಲಿ ಇದ್ದಾಳೆ ಅಂತ ಮರೀಬೇಡ."

ರಜೆ ಇಲ್ಲ, ನನ್ನ ಮಗಳ ಪರೀಕ್ಷೆ ಎಂದು ಮುಂದೂಡುತ್ತಲೇ ಬಂದೆ. ಇವತ್ತು ಬೆಳಿಗ್ಗೆ ಪರ್ವಾನೆಯ ಮೆಸೇಜು: "ಹೂ ಅರಳಿದೆ. ನನ್ನ ಬಟ್ಟಲೆಲ್ಲಿ ಅಂತ ಅಮ್ಮ ಕೇಳ್ತಾಳೆ."

"ಅಮ್ಮಾ, ಜಸ್ಟ್ ಗೋ ಲಾ!" ಎಂದಳು ಮಗಳು. ನಮ್ಮವರು ಆಗಲೇ ಟಿಕೆಟ್ ಹುಡುಕುತ್ತಿದ್ದಾರೆ.

ಬಟ್ಟಲು ಹೊಳೆಯುತ್ತಿದೆ, ಎಳ್ಳು ಹುರಿಯಲು ಬಾಣಲೆ ಇಟ್ಟಿದ್ದೇನೆ. ಖಾನ್ಸಾರಿನ ಆ ಬಾಗಿಲಿಗೆ ಹೋದಾಗ ಹೆಂಗಸರ ಬಳೆಯನ್ನೇ ತಟ್ಟುತ್ತೇನೆ. ಮಗಳು ಬಂದಳೆಂದು ಅಮ್ಮನಿಗೆ ಸದ್ದಿನಲ್ಲೇ ತಿಳಿಯಲಿ.