ಬೆಲೆ ಕೇಳದ ಗಡಿಯಾರ

ಮನುಷ್ಯನಿಗೆ ಕಾಲಕ್ಕಿಂತ ಬೆಲೆಯುಳ್ಳ ವಸ್ತು ಇನ್ನೊಂದಿಲ್ಲವೆಂದು ತಿಳಿದವರು ಗಂಭೀರವಾಗಿ ಹೇಳುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ಕೈಗಡಿಯಾರದ ಬೆಲೆ ವಿಚಾರಿಸಿದಂತೆ ಕಾಣುವುದಿಲ್ಲ. ನಾನೂ ವಿಚಾರಿಸಲಿಲ್ಲ, ಕೆಟ್ಟದ್ದೇ ಅಲ್ಲಿ.

ನಿಜಾಮರ ಆಳಿಕೆ ಮುಗಿದು ಜಾಗೀರುಗಳೆಲ್ಲ ಸರಕಾರಕ್ಕೆ ಸೇರಿದಾಗ, ಸುರಪುರದಲ್ಲಿ ನಾನು ಪೇಶ್ಕಾರನಾಗಿದ್ದ ಜಾಗೀರು ಕಚೇರಿಯೂ ಮುಚ್ಚಿತು. ಹನ್ನೊಂದು ವರ್ಷ ನಾನು ಕಡತ ಬರೆದು ಫಿರ್ಯಾದಿಗಳ ಹೆಸರು ಕೂಗಿದ್ದೆ. ಹನ್ನೊಂದು ವರ್ಷ ನಮ್ಮ ಮುನ್ಸಿಫ್ ಸಾಹೇಬರು ಶೇರ್ವಾನಿಯ ತೋಳು ಸರಿಸಿ, ಚಿನ್ನದ ಸ್ವಿಸ್ ಗಡಿಯಾರ ನೋಡಿ, "ನಾಳೆ" ಎಂದಿದ್ದರು. ಆ ಗಡಿಯಾರದಿಂದ ಯಾರ ತಂಟೆಯೂ ಬೇಗ ಬಗೆಹರಿದದ್ದಿಲ್ಲ. ಆದರೂ ಅಂಥದ್ದು ಸುತ್ತ ಮೂರು ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ನಾನು ಶಹಾಪುರದ ಮನೆಗೆ ಬಂದು ಕೂತಿದ್ದೆ. ಸಾಹೇಬರು ಹೈದರಾಬಾದಿಗೆ ಹೊರಟಿದ್ದಾರೆ, ಕುರ್ಚಿ, ರತ್ನಗಂಬಳಿ ಆಗಲೇ ಹೋದವು, ಗಡಿಯಾರವನ್ನೂ ಮಾರುವವರಿದ್ದಾರೆ ಎಂದು ಅವರ ಅಡುಗೆಯವನು ಸಂತೆಗೆ ಬಂದಾಗ ಹೇಳಿದ. ಸವಾರಿ ಕುದುರೆ ಮಾರಿದ ಹಣ ನನ್ನಲ್ಲಿತ್ತು. ಮೂರು ದಿನ ಯೋಚಿಸಿದೆ.

"ಕಚೇರಿನ ಹೋತು. ಇನ್ನ ಹೊತ್ತು ನೋಡ್ಕೊಂಡು ಎಲ್ಲಿಗಿ ಹೋಗವ್ರಿದ್ದೀರಿ?" ಎಂದಳು ನನ್ನ ಹೆಂಡತಿ.

"ಎಲ್ಲಿಗೂ ಇಲ್ಲ. ಅಷ್ಟು ವರ್ಷ ದುಡದದ್ದಕ್ಕ ಕೈಯಾಗ ಏನರ ಒಂದು ಉಳೀಬೇಕಲ್ಲ."

"ಉಳದೈತಲ್ರಿ, ಮಸಿ."

ಬೆರಳು ನೋಡಿಕೊಂಡೆ. ಮರುದಿನ ಮುಂಜಾನೆ ಅವಳೇ ಹಣವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟಳು. "ಹೋಗ್ರಿ. ಇಲ್ಲಾಂದ್ರ ಸಾಯೋತನಕ ಅದನ್ನ ಹೇಳ್ತೀರಿ."

ಸುರಪುರದ ಮನೆಯಲ್ಲಿ ಸಾಹೇಬರು ಚಾಪೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ನಾವು ಕಲಿತ ದರ್ಬಾರಿ ರಿವಾಜಿನಲ್ಲಿ ದೊಡ್ಡವರ ಎದುರು ಬೆಲೆಯ ಮಾತು ತೆಗೆಯುವಂತಿರಲಿಲ್ಲ. ಕೊಡುವವರು "ನಿಮ್ಮದೇ" ಎನ್ನಬೇಕು, ಕೊಳ್ಳುವವರು "ಛೇ ಛೇ" ಎನ್ನಬೇಕು. ಆಮೇಲೆ ಮೂರನೆಯವನೊಬ್ಬ ಹೊರಗೆ, ಜಗಲಿಯ ಮೇಲೆ, ಒಂದು ಅಂಕಿ ಉಸುರಬೇಕು. ನಮ್ಮ ಕಡೆ ಆ ಕೆಲಸ ಕಚೇರಿಯ ಜವಾನನದು. ಕಚೇರಿ ಮುಚ್ಚಿದ ದಿನವೇ ಅವನು ಕಕ್ಕೇರಾಕ್ಕೆ, ತನ್ನ ಕುರಿಗಳ ಹಿಂದೆ, ಹೋಗಿಬಿಟ್ಟಿದ್ದ.

"ಗಡಿಯಾರ ಭಾಳ ಛಲೋ ಐತ್ರಿ ಹುಜೂರ್," ಎಂದೆ.

ಸಾಹೇಬರು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. "ನಿಮ್ದ ಅಂತ ತಿಳ್ಕೋರಿ ಪೇಶ್ಕಾರ್ ಸಾಬ್. ನಮ್ಮಿಬ್ಬರ ನಡುವ ಎಂಥಾ ಲೆಕ್ಕ?"

"ತೋಬಾ ತೋಬಾ! ನಿಮ್ಮ ಕೈಗೇ ಶೋಭಾರಿ ಅದು."

ಅದಿನ್ನೂ ಅವರ ಮೈಬಿಸಿಯಿಂದ ಬೆಚ್ಚಗಿತ್ತು. ಮರಳಿಸಿದೆ. ಮತ್ತೆ ಕೊಟ್ಟರು, ಮತ್ತೆ ಮರಳಿಸಿದೆ. ಮೂರನೆಯ ಸಲ ಕೊಡುವಾಗ ಅವರ ಕಣ್ಣು ನನ್ನ ಉಬ್ಬಿದ ಜೇಬಿನ ಮೇಲೆ ಒಂದು ಕ್ಷಣ ನಿಂತಿತು. ಅವರಿಗೆ ಹಣ ಬೇಕಿತ್ತೆಂದು ನನಗೆ ಗೊತ್ತು, ನನಗೆ ಗಡಿಯಾರ ಬೇಕಿತ್ತೆಂದು ಅವರಿಗೂ ಗೊತ್ತು. ಜಗಲಿಯ ಮೇಲೆ ಮಾತ್ರ ಯಾರೂ ಇರಲಿಲ್ಲ. ಮೂರನೆಯ ಸಲವೂ ಮರಳಿಸಿದೆ.

ಅಷ್ಟರಲ್ಲಿ ಯಾದಗಿರಿಯ ಕಾಳಿನ ವ್ಯಾಪಾರಿಯೊಬ್ಬ ಅಲ್ಮಾರಿ ನೋಡಲೆಂದು ಒಳಗೆ ಬಂದ. ಅಲ್ಮಾರಿ ನೋಡಿದ, ಚಾಪೆ ನೋಡಿದ, ಸಾಹೇಬರ ಕೈಯಲ್ಲಿದ್ದದ್ದನ್ನು ನೋಡಿದ.

"ಸಾಹೇಬ್ರ, ಇದು ಎಷ್ಟಕ್ಕ ಕೊಡ್ತೀರಿ?"

ನಾನು ನಾಚಿ ತಲೆ ತಗ್ಗಿಸಿದೆ. ಸಾಹೇಬರು ಗೋಡೆಯ ಕಡೆ ತಿರುಗಿ, ಮೆಲ್ಲನೆ ಒಂದು ಅಂಕಿ ಹೇಳಿದರು. ನನ್ನ ಗಂಟಿನಲ್ಲಿ ಅದಕ್ಕಿಂತ ಹೆಚ್ಚಿತ್ತು.

ವ್ಯಾಪಾರಿ ಒಳ್ಳೆಯವನು. ನನ್ನ ಕಡೆ ತಿರುಗಿದ. "ನೀವೇನರ ತಗೋಳವ್ರಿದ್ರೇನ್ರಿ? ಹಂಗಿದ್ರ ನಾ ಬಿಡ್ತೀನಿ."

ಸಾಹೇಬರು ನನ್ನನ್ನು ನೋಡಿದರು.

"ಇಲ್ರಿ. ಸುಮ್ನ ಸಾಹೇಬ್ರನ್ನ ಮಾತಾಡ್ಸಿ ಹೋಗಾಕ ಬಂದಿದ್ದೆ," ಎಂದೆ.

ವ್ಯಾಪಾರಿ ಗಡಿಯಾರ ಕಟ್ಟಿಕೊಂಡು ಯಾದಗಿರಿಗೆ ಹೋದ. ಮುಂದಿನ ವಾರ ಸಾಹೇಬರು ಹೈದರಾಬಾದಿನ ರೈಲು ಹತ್ತಿದರು. ಕುದುರೆಯ ಹಣದಲ್ಲಿ ನಾವು ಎರಡು ಎಮ್ಮೆ ಕೊಂಡೆವು.