ಕೊನೆಯ ವಿಸಿಲ್ ಊದದ ರೆಫ್ರಿ

ಕಳೆದ ವಾರ ಪಂಪ್‌ವೆಲ್‌ನ ಫ್ಲೈಓವರಿನ ಕೆಳಗೆ ನಿಂತಿದ್ದಾಗ ಒಂದು ಸಿಟಿ ಬಸ್ಸು ನನ್ನ ಮುಂದೆ ಗಕ್ಕನೆ ನಿಂತಿತು. ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬಸ್ಸು ನನಗೆ ತಾಗುವಷ್ಟು ಹತ್ತಿರವೇನೂ ಬಂದಿರಲಿಲ್ಲ. ಆದರೂ ಅಂಗೈ ಬೆವರಿತು. ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ ಎನ್ನಿಸಿ ತಿರುಗಿ ನೋಡಿದೆ. ಸೀಯಾಳ ಮಾರುವವನ ಹೊರತು ಯಾರೂ ಇರಲಿಲ್ಲ.

ಕಾರಣವಿಲ್ಲದ ಹೆದರಿಕೆಯನ್ನು ನಾನು ನಂಬುವವನಲ್ಲ. ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ, "ಆಧಾರ ಏನು?" ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಹಾಗಾಗಿ ಬಸ್ಸು ಹೋದ ಮೇಲೂ ಅಲ್ಲೇ ನಿಂತು, ಆ ವಾಸನೆಯನ್ನು ಮೊದಲು ಎಲ್ಲಿ ಇಷ್ಟು ಹತ್ತಿರದಿಂದ ಮೂಸಿದ್ದೆ ಎಂದು ಯೋಚಿಸಿದೆ. ಒಂದು ಮೈದಾನ ಕಣ್ಣಿಗೆ ಬಂತು. ಕತ್ತಲಾಗುತ್ತಿದ್ದ ಮೈದಾನ... ನಡುವೆ ಒಬ್ಬರೇ ನಿಂತಿದ್ದ ಕಂಡಕ್ಟರಣ್ಣ.

ಬಜಪೆಯಿಂದ ಒಳಗೆ ಹೋದರೆ ಸಿಗುವ ಪದವು ಅದು, ಗುಡ್ಡದ ಮೇಲಿನ ಬಯಲಿಗೆ ಈ ಕಡೆ ಹೇಳುವ ಹೆಸರು. ಮುರಕಲ್ಲಿನ ಬೋಳುಗುಡ್ಡದ ನೆತ್ತಿ ಸಪಾಟಾಗಿದ್ದಲ್ಲಿ ಊರವರು ಕಲ್ಲು ಹೆಕ್ಕಿ, ಮಣ್ಣು ಹರಡಿ ಫುಟ್‌ಬಾಲ್ ಮೈದಾನ ಮಾಡಿಕೊಂಡಿದ್ದರು. ಜಾಗ ಯಾರದ್ದು ಎಂದು ಕೇಳಿದರೆ, ಊರಿನ ಹಳೆಯ ಜಮೀನ್ದಾರರಾದ ಗುತ್ತಿನ ಮನೆಯವರು "ಆಡಿ" ಎಂದಿದ್ದಾರೆ ಎನ್ನುತ್ತಿದ್ದರು. ಆ ಬಾಯಿಮಾತಿನ ಮೇಲೆ ಎರಡು ಕ್ಲಬ್ಬುಗಳು ಬೆಳೆದಿದ್ದವು. ಗುಡ್ಡದ ಮೇಲಿನವರದು ಪದವಿನ ಕ್ಲಬ್ಬು, ಬುಡದಲ್ಲಿದ್ದ ಗದ್ದೆ ಬದಿಯವರದು ಬೈಲಿನ ಕ್ಲಬ್ಬು. ಒಂದಕ್ಕೆ ಬೊಂಬಾಯಿಯಲ್ಲಿ ಹೋಟೆಲು ಇಟ್ಟವರು ಜೆರ್ಸಿ ಕಳಿಸುತ್ತಿದ್ದರು, ಇನ್ನೊಂದಕ್ಕೆ ದುಬಾಯಿಯವರು. ಗಾಳಿಮರದ ಗೋಲ್ ಕಂಬಗಳಿಗೆ ಬಲೆ ಇರಲಿಲ್ಲ. ಬಿದ್ದವನ ಮೊಣಕಾಲಿನ ಚರ್ಮ ಆ ನೆಲದಲ್ಲೇ ಉಳಿಯುತ್ತಿತ್ತು.

ಆ ಮೈದಾನಕ್ಕೆ ಅದರದ್ದೇ ಎರಡು ಕಟ್ಟಳೆಗಳಿದ್ದವು. ಬಸ್ಸಿನ ಕೊನೆಯ ಸ್ಟಾಪ್ ಅದೇ ಆಗಿದ್ದು, ರಸ್ತೆ ಕಿರಿದಾಗಿದ್ದರಿಂದ ಬಸ್ಸು ಮೈದಾನದ ಮೂಲೆಗೆ ನುಗ್ಗಿಯೇ ತಿರುಗಬೇಕಿತ್ತು. ಬಸ್ಸು ಬಂದಾಗ ಆಟ ನಿಲ್ಲುತ್ತಿತ್ತು, ಹತ್ತಿರವಿದ್ದವನು ಕಾರ್ನರ್ ಬಾವುಟ ಕಿತ್ತು ಹಿಡಿಯುತ್ತಿದ್ದ. ಇನ್ನೊಂದು, ಹಿಂದೆ ಯಾವುದೋ ಫೈನಲಿನಲ್ಲಿ ತಲೆ ಒಡೆದ ಮೇಲೆ ಹಿರಿಯರು ಮಾಡಿದ್ದು. ಆಟ ನಡೆಯುತ್ತಿರುವಾಗ ಯಾವ ಕ್ಲಬ್ಬಿನ ಜನ ಸುಣ್ಣದ ಗೆರೆ ದಾಟಿ ಒಳಗೆ ಬರುತ್ತಾರೋ ಆ ಕ್ಲಬ್ಬು ಸೋತಂತೆ. ಶೀಲ್ಡ್ ಎದುರಿನವರಿಗೆ.

ಎರಡೂ ಕಡೆಯವರಿಗೆ ಪರಸ್ಪರ ನಂಬಿಕೆ ಇಲ್ಲದ ಕಾರಣ ರೆಫ್ರಿಯಾಗಿ ಸುರತ್ಕಲ್ ಕಡೆಯ ಕಂಡಕ್ಟರಣ್ಣ ಬರುತ್ತಿದ್ದರು. ವಾರವಿಡೀ ಅದೇ ರೂಟಿನ ಬಸ್ಸಿನಲ್ಲಿ ವಿಸಿಲ್ ಊದುವವರು ಆದಿತ್ಯವಾರ ರಜೆಯ ದಿನ ಮೈದಾನದಲ್ಲಿ ಊದುತ್ತಿದ್ದರು. ಖಾಕಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಓಡುವ ಸಣಕಲು ಮನುಷ್ಯ. ಕಾರ್ನರ್ ಕಿಕ್‌ಗೆ ಎಲ್ಲರೂ ಗೋಲಿನ ಮುಂದೆ ಒತ್ತೊತ್ತಾಗಿ ನಿಂತರೆ, "ಸ್ವಲ್ಪ ಹಿಂದೆ ಹೋಗಿ ಮಾರಾಯ್ರೆ, ಹಿಂದೆ ಸೀಟು ಉಂಟು" ಎನ್ನುತ್ತಿದ್ದರು.

ನಾನು ಆ ಊರಿನವನಲ್ಲ. ದೊಡ್ಡ ಆಟಗಳಿಗೆ ಹೊರಗಿನವರನ್ನು ಕರೆತಂದು ಆಡಿಸುವುದು ಕ್ಲಬ್ಬುಗಳ ರೂಢಿ. ಪದವಿನ ಹುಡುಗನೊಬ್ಬ ನನ್ನ ಸಹಪಾಠಿ. ಮಂಗಳೂರಿನ ಹಾಸ್ಟೆಲಿನಲ್ಲಿದ್ದ ನನ್ನನ್ನು ಅವನೇ ಗೋಲಿನ ಮುಂದೆ ತಡೆಯುವ ಸ್ಟಾಪರ್ ಬ್ಯಾಕ್ ಆಗಿ ಕರೆದೊಯ್ಯುತ್ತಿದ್ದ. ಆಫ್‌ಸೈಡ್ ಎಂದರೆ ಹೇಗೆ, ಯಾಕೆ ಎಂದು ನಾನು ವಾದಕ್ಕೆ ನಿಲ್ಲುತ್ತಿದ್ದುದರಿಂದ ಕಂಡಕ್ಟರಣ್ಣ ನನಗೆ 'ಪ್ರೊಫೆಸರ್' ಎಂದು ಹೆಸರಿಟ್ಟಿದ್ದರು. "ಪರೀಕ್ಷೆಯಲ್ಲಿ ಸಹ ಇಷ್ಟು ಉತ್ತರ ಬರೀತೀಯಾ ಪ್ರೊಫೆಸರೇ?" ಎಂದು ಎಲ್ಲರೆದುರು ಕೇಳಿ ನಗಿಸುತ್ತಿದ್ದರು. ನನ್ನ ನಿಜವಾದ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ಆ ವರ್ಷದ ಫೈನಲಿನ ದಿನ... ಇಲ್ಲಿಂದ ಮುಂದೆ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ. ಬೈಲಿನವರ ಫಾರ್ವರ್ಡ್ ಚೆಂಡು ತೆಗೆದುಕೊಂಡು ಬಂದ. ನಾನು ಅಡ್ಡ ಹೋದೆ. ಚೆಂಡಿಗೆ ಮೊದಲು ನನ್ನ ಕಾಲು ತಾಗಿತು ಎಂದೇ ಇಂದಿಗೂ ಅನ್ನಿಸುತ್ತದೆ. ತೆಂಗಿನ ಒಣ ಮಡಲು ಮುರಿದಂಥ ಸದ್ದು ಬಂತು. ಅವನ ಕಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ರಿಕ್ಷಾದಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಕಂಡಕ್ಟರಣ್ಣ ಕೊಟ್ಟ ಫ್ರೀ ಕಿಕ್‌ನಿಂದ ಬೈಲಿನವರು ಗೋಲು ಹೊಡೆದರು.

ಸೆಕೆಂಡ್ ಹಾಫ್ ಮುಗಿಯುತ್ತಾ ಬಂದಾಗ ಸ್ಕೂಟರಿನಲ್ಲಿ ಒಬ್ಬ ಸುದ್ದಿ ತಂದ. ಕಾಲು ಕತ್ತರಿಸಬೇಕಂತೆ. ವೀಸಾ ಬಂದಿದೆ, ಮುಂದಿನ ತಿಂಗಳು ಹೊರಡಬೇಕಾದ ಹುಡುಗ. ಸುದ್ದಿ ಗೆರೆಯ ಉದ್ದಕ್ಕೂ ಹರಡಿತು, ಗಲಾಟೆ ಒಮ್ಮೆಲೇ ನಿಂತಿತು. ಹೆದರಿಸಿದ್ದು ಆ ಮೌನವೇ. ಹುಡುಗನ ಅಣ್ಣಂದಿರು ಮತ್ತೆ ಕೆಲವರು ಎದ್ದು ಹೋಗಿ, ಮೈದಾನದಿಂದ ಹೊರಗೆ ಬರುವ ಕಲ್ಲುಕಟ್ಟೆಯ ಸಂದಿಯಲ್ಲಿ ನಿಂತರು. ಕೈಯಲ್ಲಿ ದೊಣ್ಣೆಗಳಿದ್ದವು. ಅವರು ಆಟ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಬೈಲಿನ ಕ್ಲಬ್ಬು ಗೆಲ್ಲುತ್ತಿತ್ತು, ಆದ್ದರಿಂದ ಗೆರೆ ದಾಟುವಂತಿರಲಿಲ್ಲ. ಕೊನೆಯ ವಿಸಿಲ್‌ಗಾಗಿ ಕಾಯುತ್ತಿದ್ದರು.

ನನ್ನ ತಂಡದವರು ಒಬ್ಬೊಬ್ಬರಾಗಿ ನನ್ನಿಂದ ದೂರ ಸರಿದು ಆಡತೊಡಗಿದರು. ಕ್ಯಾಪ್ಟನ್ ಕಣ್ಣು ತಪ್ಪಿಸಿದ. ಅವರೆಲ್ಲ ನಾಳೆಯೂ ಅದೇ ಊರಿನಲ್ಲಿ ಬದುಕಬೇಕಾದವರು, ನಾನು ಹೊರಗಿನವ. ಆಗ ಕಂಡಕ್ಟರಣ್ಣ ನನ್ನ ಪಕ್ಕದಲ್ಲಿ ಓಡುತ್ತಾ, ಮುಖ ಬೇರೆ ಕಡೆ ಮಾಡಿ ಹೇಳಿದರು:

"ಬಸ್ಸು ಬರುವವರೆಗೆ ಸುಣ್ಣದ ಗೆರೆ ದಾಟಬೇಡ. ಚೆಂಡು ಹೊರಗೆ ಹೋದ್ರೂ ತರ್ಲಿಕ್ಕೆ ಹೋಗ್ಬೇಡ."

ಅವರು ಆಟ ಮುಗಿಸಲಿಲ್ಲ. ಥ್ರೋ ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಎಸೆಯಿಸಿದರು. ಫ್ರೀ ಕಿಕ್‌ಗೆ ಗೋಡೆ ಕಟ್ಟಿ ನಿಂತವರನ್ನು ಹೆಜ್ಜೆ ಅಳೆದು ಹಿಂದೆ ಕಳಿಸಿದರು, ಅಳತೆ ತಪ್ಪಿತೆಂದು ಪುನಃ ಅಳೆದರು. ಗೋಲ್‌ಕೀಪರ್‌ನ ಬೂಟಿನ ದಾರ ತಾವೇ ಕುಳಿತು ಕಟ್ಟಿದರು. ಬೈಲಿನವರು ಬೊಬ್ಬೆ ಹಾಕಿದರು.

"ಹೇ ಕಂಡಕ್ಟ್ರೇ, ವಾಚ್ ಅಡವು ಇಟ್ಟಿದ್ದೀರಾ?"

"ವಾಚ್ ನಿಂತಿದೆ ಮಾರಾಯ. ನಾನು ಓಡ್ತಾ ಇದ್ದೇನಲ್ಲ, ಅದನ್ನು ನೋಡು!"

ಜನ ನಕ್ಕರು. ಸಂದಿಯಲ್ಲಿದ್ದವರು ನಗಲಿಲ್ಲ.

ಪದವಿನವರಿಗೆ ಮೊದಲು ಖುಷಿಯಾಯಿತು, ರೆಫ್ರಿ ತಮಗೆ ಸಮ ಮಾಡಿಕೊಳ್ಳಲು ಅವಕಾಶ ಕೊಡುತ್ತಿದ್ದಾರೆ ಎಂದು. ನಮ್ಮ ಹುಡುಗನೊಬ್ಬ ಗೋಲಿನ ಎದುರೇ ಹೋದ. ಅದು ಗೋಲಾಗದಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ, ದೇವರನ್ನು ನಂಬದ ನಾನು. ಬೈಲಿನವರು ಗೆಲ್ಲುತ್ತಿರುವಷ್ಟು ಹೊತ್ತು ಮಾತ್ರ ಆ ದೊಣ್ಣೆಗಳು ಗೆರೆಯ ಆಚೆ. ಚೆಂಡು ಕಂಬಕ್ಕೆ ಬಡಿದು ಹಿಂದೆ ಬಂತು. ನನಗೆ ಅಳು ಬಂದಿತು.

ಬಸ್ಸು ತಡವಾಗಿತ್ತು. ಕತ್ತಲಾಗುತ್ತಾ ಚೆಂಡು ಕಾಣದಾಯಿತು, ಓಡುವವರ ಉಸಿರು ಮಾತ್ರ ಕೇಳುತ್ತಿತ್ತು. ಯಾರು ಯಾವ ಕಡೆಯವರೆಂದು ತಿಳಿಯದೆ ಪ್ರತಿಯೊಂದು ಆಕಾರಕ್ಕೂ ನಾನು ಬೆಚ್ಚುತ್ತಿದ್ದೆ. ಎಷ್ಟು ಹೊತ್ತು ಹೀಗೆ ನಡೆಯಿತು? ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ...

ಕೊನೆಗೂ ಎರಡು ದೀಪಗಳು ಗುಡ್ಡ ಹತ್ತಿ ಬಂದವು. ಬಸ್ಸು ಮೂಲೆಗೆ ನುಗ್ಗಿತು. ಅಷ್ಟೆಲ್ಲದರ ನಡುವೆಯೂ ಯಾರೋ ರೂಢಿಯಂತೆ ಬಾವುಟ ಕಿತ್ತ, ರೂಢಿಯಂತೆ ಎಲ್ಲರೂ ನಿಂತಲ್ಲೇ ನಿಂತರು. ಬಸ್ಸು ಗೆರೆಯ ಒಳಗಿತ್ತು, ಆಟ ಮುಗಿದಿರಲಿಲ್ಲ. ಕಂಡಕ್ಟರಣ್ಣ ನನ್ನ ಕುತ್ತಿಗೆಗೆ ಕೈ ಹಾಕಿ, ಬೆರಳು ಆಡಿಸುತ್ತಾ, ದೊಡ್ಡ ಸ್ವರದಲ್ಲಿ ಬೈಯುತ್ತಾ ನಡೆಸಿಕೊಂಡು ಹೋದರು. ನೋಡಿದವರಿಗೆ ರೆಫ್ರಿ ಎಚ್ಚರಿಕೆ ಕೊಡುತ್ತಿದ್ದಾರೆ ಎನ್ನಿಸಬೇಕು. ಹಿಂದಿನ ಬಾಗಿಲಿಗೆ ಬಂದದ್ದೇ ನನ್ನನ್ನು ಫುಟ್‌ಬೋರ್ಡಿಗೆ ದೂಡಿ ಬಸ್ಸಿನ ಬದಿಗೆ ರಪ್ಪನೆ ಬಡಿದರು. "ರೈಟ್! ಪೋಯಿ!"

ಅವರು ಹತ್ತಲಿಲ್ಲ. ಅವರೂ ಹತ್ತುತ್ತಾರೆ ಎಂದುಕೊಂಡಿದ್ದೆ. ಹಿಂದಿನ ಗಾಜಿನಿಂದ ನೋಡಿದಾಗ ಮೈದಾನದ ನಡುವಿಗೆ ನಡೆದು ಹೋಗುತ್ತಿದ್ದರು, ಸಂದಿಯಲ್ಲಿದ್ದವರು ಅಲ್ಲಿಂದ ಕದಲಿದ್ದರು. ಬಸ್ಸು ಇಳಿಜಾರಿನಲ್ಲಿ ಬ್ರೇಕ್ ಸುಡುತ್ತಾ ಇಳಿಯಿತು. ಮೇಲಿನಿಂದ ಉದ್ದನೆಯ ಒಂದು ವಿಸಿಲ್ ಕೇಳಿಸಿತು.

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಸಹಪಾಠಿಯನ್ನು ಕೇಳಿದಾಗಲೆಲ್ಲ ಅವನದ್ದು ಒಂದೇ ಉತ್ತರ. "ಎಂತ ಆಗ್ಲಿಲ್ಲ ಮಾರಾಯ. ನಾಲ್ಕು ಮಾತು ಬೈದು ಹೋದ್ರು." ಹುಡುಗನ ಕಾಲು ಕತ್ತರಿಸಬೇಕಾಗಲಿಲ್ಲ, ಒಂದು ವರ್ಷ ತಡವಾಗಿ ಅವನೂ ವಿಮಾನ ಹತ್ತಿದ ಎಂದು ತಿಳಿಯಿತು. ದೊಣ್ಣೆಗಳ ಬಗ್ಗೆ ಕೇಳಿದರೆ, "ದೊಣ್ಣೆ ಎಲ್ಲಿತ್ತು? ಕೊಡೆ ಹಿಡ್ಕೊಂಡಿದ್ರು" ಎಂದ. ಮಳೆ ಬಿಟ್ಟು ತಿಂಗಳುಗಳಾದ ಮೇಲೆ, ಕತ್ತಲಲ್ಲಿ ಕೊಡೆ ಯಾಕೆ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಆಧಾರ ಕೇಳುವ ನನಗೆ ಆ ಉತ್ತರವೊಂದು ಹಾಗೆಯೇ ಬೇಕಾಗಿತ್ತು. ವರ್ಷಗಳು ಕಳೆದಂತೆ ದೊಣ್ಣೆಗಳು ನನ್ನ ನೆನಪಿನಲ್ಲೂ ಕೊಡೆಗಳಾದವು.

ಪಂಪ್‌ವೆಲ್‌ನಿಂದ ಮನೆಗೆ ಬಂದವನೇ ಸಹಪಾಠಿಗೆ ಫೋನ್ ಮಾಡಿ ಕಂಡಕ್ಟರಣ್ಣನ ಬಗ್ಗೆ ವಿಚಾರಿಸಿದೆ. ಅವನು ಹೇಳಿದ: "ಅವರು ತೀರಿಹೋದ್ರಲ್ಲ. ನಾಡಿದ್ದು ಬೊಜ್ಜ."

ಉತ್ತರಕ್ರಿಯೆಯ ಆ ದಿನ ಅವನನ್ನು ಕರೆದುಕೊಂಡು ಹೋಗಲು ಪದವಿಗೆ ಹೋದೆ. ಮೈದಾನಕ್ಕೆ ಹಸಿರು ಬಲೆ ಸುತ್ತಿದ್ದರು. ಒಳಗೆ ಪ್ಲಾಸ್ಟಿಕ್ ಹುಲ್ಲು, ಗಂಟೆಗಿಷ್ಟು ಎಂದು ಬಾಡಿಗೆ. ಗುತ್ತಿನವರ ಮಕ್ಕಳು ಜಾಗ ಮಾರಿದ್ದರಂತೆ. ಕ್ಲಬ್ಬುಗಳ ಹೆಸರು ವರ್ಷಕ್ಕೊಮ್ಮೆ ಟೀ ಶರ್ಟುಗಳ ಬೆನ್ನಿನಲ್ಲಿ ಕಾಣಿಸುತ್ತದಂತೆ. ಇಳಿದು ನೋಡುವ ಧೈರ್ಯ ಬರಲಿಲ್ಲ. ಎಂಜಿನ್ ಆಫ್ ಮಾಡದೆ ಕಾರಿನಲ್ಲೇ ಕಾದೆ.

ಸುರತ್ಕಲ್ ಬಳಿಯ ಆ ಮನೆಯಲ್ಲಿ ಊಟ ಮುಗಿಯುವ ಹೊತ್ತು. ಅಂಗಳದ ಶಾಮಿಯಾನದ ಕೆಳಗೆ ಕಂಡಕ್ಟರಣ್ಣನ ಹೆಂಡತಿ ಕುರ್ಚಿಯಲ್ಲಿ ಕುಳಿತಿದ್ದರು. ಮಾತು ತುಳುವಿನಲ್ಲಿ ನಡೆಯಿತು. ಕನ್ನಡಕ್ಕೆ ತರುವಾಗ ಒಂದೆರಡು ಶಬ್ದ ಅತ್ತಿತ್ತ ಆಗಿರಬಹುದು, ಅರ್ಥ ಬದಲಾಗಿಲ್ಲ.

"ನೀವು ಬಸ್ಸಿನವರಾ?"

"ಅಲ್ಲ ಅಕ್ಕ, ಫುಟ್‌ಬಾಲಿನವರು" ಎಂದೆ.

"ಫುಟ್‌ಬಾಲಿನವರು ಇವತ್ತು ಬಂದದ್ದಾ!" ಅವರು ನಮ್ಮಿಬ್ಬರನ್ನೂ ನೋಡಿದರು. "ಆ ಪದವಿಗೆ ಆಮೇಲೆ ಇವರು ಕಾಲಿಡಲಿಲ್ಲ. ಡ್ಯೂಟಿ ಸಹ ಬೇರೆ ರೂಟಿಗೆ ಹಾಕಿಸಿಕೊಂಡ್ರು. ಒಂದು ಆದಿತ್ಯವಾರ ಅಲ್ಲಿಂದ ಬಂದವರಿಗೆ ಬಲಗೈ ಎತ್ತಲಿಕ್ಕೆ ಆಗ್ತಿರಲಿಲ್ಲ. ಬಸ್ಸಿನಿಂದ ಬಿದ್ದೆ ಅಂದ್ರು. ಬಸ್ಸಿನಿಂದ ಬಿದ್ದವರ ಬೆನ್ನಿನಲ್ಲಿ ಬಾಸುಂಡೆ ಬರ್ತದಾ? ಎಣ್ಣೆ ಹಚ್ಚಿದವಳು ನಾನಲ್ವಾ. ಆ ಕೈ ಕೊನೆವರೆಗೂ ಭುಜಕ್ಕಿಂತ ಮೇಲೆ ಹೋಗಲಿಲ್ಲ."

ನನ್ನ ಸಹಪಾಠಿ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ಯಾಕೆ ಅಂತ ಹೇಳಲಿಲ್ವಾ?" ಎಂದು ಕೇಳಿದೆ.

"ಎಷ್ಟು ಬೈದರೂ ಒಂದೇ ಮಾತು. 'ಹುಡುಗ ಬಸ್ಸು ಹತ್ತಿದ.' ಯಾವ ಹುಡುಗ ಅಂತ ಕೇಳಿದ್ರೆ ಹೆಸರು ಗೊತ್ತಿಲ್ಲ ಅಂತ."

ಏನೂ ಹೇಳದೆ ಊಟಕ್ಕೆ ಎದ್ದು ಹೋಗಬಹುದಿತ್ತು. ಅಂಗೈ ಪುನಃ ಬೆವರಿತು. ಆ ಸಂಜೆ ದೊಣ್ಣೆ ಹಿಡಿದವರಿಗೆ ಹೆದರಿದ್ದಕ್ಕಿಂತ ಹೆಚ್ಚು, ಬಿಳಿ ಸೀರೆಯ ಆ ಮುದುಕಿಯ ಮುಂದೆ ಹೆದರಿದೆ.

"ನಾನೇ ಅಕ್ಕ, ಆ ಹುಡುಗ."

ಅವರು ಬೈಯಲಿಲ್ಲ. ನನ್ನ ನರೆತ ತಲೆಯಿಂದ ಕಾಲಿನ ತನಕ ನಿಧಾನವಾಗಿ ನೋಡಿದರು. ಊಟಕ್ಕೆ ತಡವಾಗಿ ಬಂದ ನೆಂಟನನ್ನು ಕೇಳುವ ಹಾಗೆ ಕೇಳಿದರು:

"ಇಷ್ಟು ವರ್ಷ ಎಲ್ಲಿದ್ರಿ?"

"ಇಲ್ಲೇ..." ಎಂದೆ. "ಮಂಗಳೂರಿನಲ್ಲೇ."